ಹಳೆಯ ಧಾರಣೆಯ ಕೀಲಿಕೈ ಯಾರ ಬಳಿ?

ಉಪ್ಪಿನಂಗಡಿ–ಕಡಬ ರಸ್ತೆಯ ಆಲಂಕಾರಿನಂತಹ ಪೇಟೆಗಳಲ್ಲಿ ಅಡಿಕೆ ಧಾರಣೆಯನ್ನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದ ಕಾಲದಲ್ಲಿ, ಸಂಜೆ ಹಲಗೆ ಒರೆಸಿದರೂ ದರವು ವರ್ತಕನ ದಿನವಹಿಯಲ್ಲಿ ಉಳಿಯುತ್ತಿತ್ತು. ಇಂದು ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟುಗಳ ದರವು ಮೊಬೈಲಿನಲ್ಲಿಯೇ ಪ್ರಕಟವಾಗುತ್ತದೆ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಂಸ್ಥೆಯ ದರವೂ ಖಾಸಗಿ ವರ್ತಕರ ದರವೂ ಅಲ್ಲಿ ಅಕ್ಕಪಕ್ಕದಲ್ಲಿ ಕಾಣುತ್ತವೆ. ಹಾಳೆತಟ್ಟೆ ತಯಾರಕನು ಹೊಸ ಅಚ್ಚಿನ ಚಿತ್ರವನ್ನು ತನ್ನ ಫೇಸ್‌ಬುಕ್ ಪುಟದಲ್ಲಿ ಹಾಕಿ, ಅಲ್ಲಿಯೇ ಬೇಡಿಕೆ ಪಡೆಯುತ್ತಾನೆ. ಯಾವ ತಿಂಗಳಲ್ಲಿ ಯಾವ ಸರಕಿಗೆ ಎಷ್ಟು ಜನ ವಿಚಾರಿಸಿದರು ಎಂಬ ಲೆಕ್ಕ ಬೇಕಾದಾಗ ಮಾತ್ರ, ದಿನವಹಿಯು ಪರರ ಗೋದಾಮಿನಲ್ಲಿದೆ ಎಂಬ ಸಂಗತಿ ಅರಿವಿಗೆ ಬರುತ್ತದೆ.

ಆ ಗೋದಾಮಿಗೆ ಒಂದು ಅಧಿಕೃತ ಬಾಗಿಲುಂಟು. ಅದಕ್ಕೆ ಎಪಿಐ, ಅಂದರೆ ಅಪ್ಲಿಕೇಶನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್ ಎಂದು ಹೆಸರು. ಪುಟದ ಮಾಲೀಕನು ಟೋಕನ್ ಎಂಬ ಗುರುತಿನ ಸಂಕೇತವನ್ನು ಪಡೆದು, ಪುಟದ ಸಂಖ್ಯೆ ಹಾಗೂ ತನಗೆ ಬೇಕಾದ ಅಂಶಗಳನ್ನು ಸೂಚಿಸಿ ಕೋರಿಕೆ ಸಲ್ಲಿಸಿದರೆ, ಬರಹ, ದಿನಾಂಕ, ಪ್ರತಿಕ್ರಿಯೆಗಳು ಸಾಲುಸಾಲಾಗಿ ಬರುತ್ತವೆ. ಫೇಸ್‌ಬುಕ್ಕಿನ ಗ್ರಾಫ್ ಎಪಿಐ ಒಂದು ಕೋರಿಕೆಗೆ ಗರಿಷ್ಠ 100 ಬರಹಗಳನ್ನು ಕೊಡುತ್ತದೆ. ಉಳಿದವುಗಳಿಗೆ ಮುಂದಿನ ಪುಟದ ಕೊಂಡಿಯನ್ನು ಹಿಡಿದು ಹೋಗಬೇಕು. ವರ್ಷವೊಂದಕ್ಕೆ ಸುಮಾರು 600 ಬರಹಗಳಷ್ಟೇ ದೊರೆಯುತ್ತವೆ ಎಂದು ಆ ಕಂಪನಿಯ ಕೈಪಿಡಿಯೇ ಹೇಳುತ್ತದೆ. ದಿನಕ್ಕೆ ಎರಡು ಬಾರಿ ದರ ಪ್ರಕಟಿಸುವ ವರ್ತಕನಿಗೆ ವರ್ಷದ ಕೊನೆಯಲ್ಲಿ ಕುಳಿತರೆ ಲೆಕ್ಕ ಪೂರ್ತಿ ಸಿಗಲಾರದು. ತಿಂಗಳು ತಿಂಗಳೂ ಇಳಿಸಿಕೊಳ್ಳುವುದೇ ಲೇಸು.

ಬಾಗಿಲು ಇಂದು ತೆರೆದಿದೆ ಎಂದ ಮಾತ್ರಕ್ಕೆ ನಾಳೆಯೂ ತೆರೆದಿರುತ್ತದೆಂಬ ಭರವಸೆಯಿಲ್ಲ. ಸುಮಾರು 8.7 ಕೋಟಿ ಬಳಕೆದಾರರ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಸಂಸ್ಥೆಯ ಪಾಲಾದ ಸಂಗತಿ 2018ರಲ್ಲಿ ಬಯಲಾದ ಮೇಲೆ ಫೇಸ್‌ಬುಕ್ ತನ್ನ ಅನೇಕ ಸೌಲಭ್ಯಗಳನ್ನು ಬಿಗಿಗೊಳಿಸಿತು. ಅದು ಅಗತ್ಯವಾದ ಕ್ರಮವೇ. ಆದರೆ ಟ್ವಿಟರ್ 2023ರಲ್ಲಿ ಮಾಡಿದ್ದು ಶುದ್ಧ ವ್ಯಾಪಾರ: ಬಹುಕಾಲ ಉಚಿತವಾಗಿದ್ದ ಓದುವ ಸೌಲಭ್ಯಕ್ಕೆ ತಿಂಗಳಿಗೆ 100 ಡಾಲರ್ ದರ ಗೊತ್ತುಪಡಿಸಿ, 10,000 ಬರಹಗಳ ಮಿತಿ ವಿಧಿಸಿತು. ಇನ್ನು 2014ರ ಸೆಪ್ಟೆಂಬರ್ 30ರಂದು ಮುಚ್ಚಿದ ಆರ್ಕುಟ್‌ನ ನೆನಪು ಹಲವರಿಗಿರಬಹುದು. ಬಾಡಿಗೆ ಅಂಗಡಿಯ ಮಾಲೀಕನಾದರೂ ತೆರವಿಗೆ ಮುನ್ನ ನೋಟೀಸು ಕೊಡುತ್ತಾನೆ, ಕರಾರುಪತ್ರವೂ ಇರುತ್ತದೆ. ಇಲ್ಲಿ ಕರಾರನ್ನು ಒಂದೇ ಪಕ್ಷ ಬರೆಯುತ್ತದೆ, ಅದೇ ಪಕ್ಷ ತಿದ್ದುತ್ತದೆ.

ಸರ್ಕಾರದ ದತ್ತಾಂಶ ತಾಣವಾದ ಡೇಟಾ ಡಾಟ್ ಗವ್ ಡಾಟ್ ಇನ್ ಮಾರುಕಟ್ಟೆಗಳ ದೈನಿಕ ಧಾರಣೆಯನ್ನು ಎಪಿಐ ಮೂಲಕ ಉಚಿತವಾಗಿ ಒದಗಿಸುತ್ತದೆ. ನೋಂದಾಯಿಸಿ ಕೀಲಿ ಪಡೆದರೆ ಸಾಕು. ಆದರೆ ಅಲ್ಲಿ ದೊರೆಯುವುದು ನಿಯಂತ್ರಿತ ಮಾರುಕಟ್ಟೆಗಳ ದರ; ಗ್ರಾಮದ ಪೇಟೆಯಲ್ಲಿ ಕಟ್ಟೆಯ ಮೇಲೆ ಕುದುರಿದ ದರವಲ್ಲ. ಅದನ್ನು ವರ್ತಕರೇ ಕಾಪಾಡಿಕೊಳ್ಳಬೇಕು.

ಬರಹ ಇಳಿಸಿಕೊಂಡವರಿಗೆ ಹೊಣೆಯೂ ಉಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಗ್ರಾಹಕನು ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾನೂನು ಅನ್ವಯಿಸದು. ಅಂಗಡಿಗೆ ಖಾಸಗಿಯಾಗಿ ಕಳುಹಿಸಿದ ವಿಳಾಸ, ದೂರವಾಣಿ ಸಂಖ್ಯೆಗಳ ಮಾತು ಬೇರೆ. ಅವುಗಳನ್ನು ಪಟ್ಟಿ ಮಾಡಿ ಇನ್ನೊಬ್ಬರಿಗೆ ಮಾರುವ ಚಟ ಕೆಲವೆಡೆ ಕಾಣುತ್ತಿದೆ, ಅದು ವ್ಯಾಪಾರವಲ್ಲ. ಅನುಮತಿಯಿಲ್ಲದೆ ಯಂತ್ರದಿಂದ ಪುಟ ಕೆರೆದು ಕೊಡುವುದಾಗಿ ಹೇಳುವ ಅಗ್ಗದ ತಂತ್ರಾಂಶಗಳಿಂದಲೂ ದೂರವಿರುವುದು ಒಳಿತು, ಏಕೆಂದರೆ ಖಾತೆಯೇ ರದ್ದಾದೀತು.

ಸಣ್ಣ ಅಂಗಡಿಯವನು ಇದನ್ನೆಲ್ಲ ಕಲಿಯಬೇಕೇ ಎಂಬ ಆಕ್ಷೇಪ ನ್ಯಾಯವಾದುದೇ. ಒಬ್ಬೊಬ್ಬರೂ ಕಲಿಯಬೇಕಾಗಿಲ್ಲ. ಪುತ್ತೂರು, ಸುಳ್ಯಗಳ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಂತಹ ತಂತ್ರಾಂಶ ಒಂದು ಅವಧಿಯ ಯೋಜನಾ ಕಾರ್ಯಕ್ಕಿಂತ ಹೆಚ್ಚಿನದಲ್ಲ. ವರ್ತಕ ಸಂಘಗಳು ಒಮ್ಮೆ ಬರೆಯಿಸಿ ಎಲ್ಲ ಸದಸ್ಯರಿಗೂ ಹಂಚಬಹುದು. ಗ್ರಾಫ್ ಎಪಿಐ ಆವೃತ್ತಿಯೊಂದಕ್ಕೆ ಕನಿಷ್ಠ ಎರಡು ವರ್ಷದ ಆಯುಸ್ಸಷ್ಟೇ ಖಚಿತವಾದ್ದರಿಂದ, ಅದನ್ನು ತಿದ್ದುವ ವೆಚ್ಚವನ್ನು ಸಂಘದ ಆಯವ್ಯಯದಲ್ಲಿ ಮೊದಲೇ ತೋರಿಸಬೇಕು. ವಾಟ್ಸ್‌ಆ್ಯಪ್‌ನ ಸಾಮಾನ್ಯ ಗುಂಪುಗಳ ಹಳೆಯ ಸಂದೇಶಗಳಿಗೆ ಇಂತಹ ಬಾಗಿಲೇ ಇಲ್ಲ. ಅಲ್ಲಿಯ ದರಗಳನ್ನು ಸಂಭಾಷಣೆ ರಫ್ತು ಮಾಡುವ ಸೌಲಭ್ಯದಿಂದ ಆಗಾಗ್ಗೆ ತೆಗೆದಿರಿಸಬೇಕು, ಇಲ್ಲವೇ ಸಂಜೆ ಹಳೆಯ ದಿನವಹಿಯಲ್ಲಿಯೇ ಬರೆದಿಡಬೇಕು.