ಪರಮಾಣುವಿಗೆ ಆಸೆಯೆಂಬುದಿಲ್ಲ

ನಮ್ಮ ಪ್ರೌಢಶಾಲೆಗಳ ರಸಾಯನಪಾಠದಲ್ಲಿ ಬಹುಕಾಲದಿಂದ ಒಂದು ಪುರಾಣ ನಡೆದುಬಂದಿದೆ. ಸೋಡಿಯಂ ಪರಮಾಣುವು ತನ್ನ ಹೊರಕವಚದ ಒಂಟಿ ಎಲೆಕ್ಟ್ರಾನನ್ನು ಕಳೆದುಕೊಳ್ಳಲು ಹಾತೊರೆಯುತ್ತಿರುವುದೆಂದೂ, ಏಳನ್ನುಳ್ಳ ಕ್ಲೋರಿನ್ ಎಂಟನೆಯದಕ್ಕಾಗಿ ಹಂಬಲಿಸುತ್ತಿರುವುದೆಂದೂ, ಒಂದು ದಾನಮಾಡಿ ಇನ್ನೊಂದು ಪ್ರತಿಗ್ರಹಿಸಿ ಎರಡೂ ಕೃತಾರ್ಥವಾಗುವುದರಿಂದ ಉಪ್ಪು ಜನಿಸುವುದೆಂದೂ ಹೇಳುವ ಈ ಕಥೆ ಬಾಲಕರ ನೆನಪಿನಲ್ಲಿ ಸುಲಭವಾಗಿ ನಿಲ್ಲುತ್ತದೆ; ಆದರೆ ಕಾರಣವನ್ನು ಕೇಳಿದವನಿಗೆ ಅದರಲ್ಲಿ ಉತ್ತರವಿಲ್ಲವೆಂಬುದೇ ನನ್ನ ಆಕ್ಷೇಪ.

ಜಮಾಖರ್ಚನ್ನು ನೋಡೋಣ. ಆವಿರೂಪದ ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನನ್ನು ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿಯನ್ನು ವ್ಯಯಿಸಬೇಕು. ಹಾತೊರೆಯುವವರ ದಾನಕ್ಕೆ ಇಷ್ಟು ಬಲಾತ್ಕಾರವೇಕೆ? ಕಿತ್ತ ಎಲೆಕ್ಟ್ರಾನುಗಳನ್ನು ಕ್ಲೋರಿನ್ ಪರಮಾಣುಗಳು ಸ್ವೀಕರಿಸಿದಾಗ ಮರಳಿ ದೊರೆಯುವುದು 349 ಮಾತ್ರ. ವ್ಯವಹಾರವು ಇಲ್ಲಿಗೇ ಮುಗಿದಿದ್ದರೆ ನಷ್ಟವಲ್ಲದೆ ಮತ್ತೇನೂ ಉಳಿಯುತ್ತಿರಲಿಲ್ಲ. ಹೀಗೆ ಹುಟ್ಟಿದ ಧನ ಮತ್ತು ಋಣ ಅಯಾನುಗಳು ಪರಸ್ಪರಾಕರ್ಷಣೆಯಿಂದ ಹತ್ತಿರ ಸರಿದು, ಪ್ರತಿಯೊಂದರ ಸುತ್ತಲೂ ವಿರುದ್ಧ ಜಾತಿಯ ಆರು ಅಯಾನುಗಳು ನೆಲೆಗೊಳ್ಳುವಂತೆ ಸ್ಫಟಿಕವಾಗಿ ಕಟ್ಟಿಕೊಂಡಾಗ ಹೊರಬೀಳುವ ಸುಮಾರು 787 ಕಿಲೋಜೂಲುಗಳೇ, ಲೋಹವನ್ನು ಆವಿಯಾಗಿಸುವ ಮತ್ತು ಕ್ಲೋರಿನ್ ಅಣುವನ್ನು ಒಡೆಯುವ ವೆಚ್ಚವನ್ನೂ ಸೇರಿಸಿ ಎಲ್ಲ ಸಾಲವನ್ನೂ ತೀರಿಸಿ, 411ರಷ್ಟನ್ನು ಉಳಿಸುತ್ತವೆ.

ಹೈಡ್ರೊಜನ್ನಿನ ವಿಷಯದಲ್ಲಿ ಕೊಡುಕೊಳ್ಳುವಿಕೆಯೇ ಇಲ್ಲ. ಎರಡು ಪರಮಾಣುಗಳನ್ನು ಒಂದು ಎಲೆಕ್ಟ್ರಾನ್ ಜೋಡಿಯು ಬಂಧಿಸುವುದೆಂದು 1916ರಲ್ಲಿ ರಸಾಯನವಿಜ್ಞಾನಿ ಲೂಯಿಸ್ ಊಹಿಸಿದನು. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಎಂಬ ಭೌತವಿಜ್ಞಾನಿಗಳು ಕ್ವಾಂಟಂ ಗಣಿತದಿಂದ ಅದಕ್ಕೆ ಆಧಾರವನ್ನೊದಗಿಸಿದರು. ಎರಡು ಎಲೆಕ್ಟ್ರಾನುಗಳೂ ಎರಡು ಬೀಜಗಳ ಆಕರ್ಷಣೆಗೆ ಏಕಕಾಲದಲ್ಲಿ ಒಳಪಟ್ಟಾಗ ಒಟ್ಟು ಶಕ್ತಿ ಇಳಿಯುತ್ತದೆ. ತೀರ ಸಮೀಪಿಸಿದರೆ ಬೀಜಗಳ ವಿಕರ್ಷಣೆಯಿಂದ ಅದು ಮತ್ತೆ ಏರುತ್ತದೆ. ಆದುದರಿಂದ 74 ಪಿಕೋಮೀಟರ್ ಅಂತರದಲ್ಲಿ ಅವು ನೆಲೆನಿಲ್ಲುತ್ತವೆ. ಈ ಬಂಧವನ್ನು ಬಿಡಿಸಲು ಮೋಲಿಗೆ 436 ಕಿಲೋಜೂಲ್ ತೆರಬೇಕು. (ಬಂಧ ಮುರಿದರೆ ಶಕ್ತಿ ಬಿಡುಗಡೆಯಾಗುವುದೆಂದು ಪದವೀಧರರೂ ಹೇಳುವುದುಂಟು! ಸೌದೆಯ ಶಾಖವು ಹೊಸದಾಗಿ ಏರ್ಪಡುವ ದೃಢತರ ಬಂಧಗಳಿಂದ ಬಂದದ್ದು.)

ಎಂಟು ತುಂಬಿದ ಪರಮಾಣು ಸಂತೃಪ್ತವೆಂಬ ನಂಬಿಕೆಗೆ 1962ರಲ್ಲಿ ಕೆನಡಾದಲ್ಲಿ ರಸಾಯನವಿಜ್ಞಾನಿ ನೀಲ್ ಬಾರ್ಟ್‌ಲೆಟ್ ಬಲವಾದ ಪೆಟ್ಟು ಕೊಟ್ಟನು. ಪ್ಲಾಟಿನಂ ಹೆಕ್ಸಾಫ್ಲೋರೈಡು ಆಕ್ಸಿಜನ್ ಅಣುವಿನಿಂದಲೇ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವುದನ್ನು ಕಂಡಿದ್ದ ಅವನು, ಎಂಟು ತುಂಬಿದ ಕ್ಸೆನಾನಿನಿಂದ ಕೀಳುವ ವೆಚ್ಚವೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಗಮನಿಸಿ ಕ್ಸೆನಾನನ್ನೂ ಆ ಹೆಕ್ಸಾಫ್ಲೋರೈಡನ್ನೂ ಬೆರೆಸಲು, ಜಡವೆನಿಸಿದ್ದ ಅನಿಲವು ಹಳದಿ ಮಿಶ್ರಿತ ಕಿತ್ತಳೆ ಬಣ್ಣದ ಘನವಸ್ತುವಾಗಿ ಪರಿಣಮಿಸಿತು. ಆಸೆಯ ಕಥೆಯನ್ನು ನಂಬಿ ಕುಳಿತಿದ್ದರೆ ಅವನು ಆ ಪ್ರಯೋಗಕ್ಕೆ ಕೈಹಾಕುತ್ತಿರಲಿಲ್ಲ.

ಎಂಟು ತುಂಬಬೇಕೆನ್ನುವ ಅಷ್ಟಕ ನಿಯಮವನ್ನು ಪುಸ್ತಕದಿಂದ ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ಸೂತ್ರಗಳನ್ನು ಬರೆಯಲು ಅದು ಒಳ್ಳೆಯ ಸಾಧನ. ಅದರ ಪಕ್ಕದಲ್ಲಿ 496, 349, 787 ಎಂಬ ಮೂರು ಅಂಕಿಗಳನ್ನೂ ಕರಿಹಲಗೆಯ ಮೇಲೆ ಬರೆದರೆ ಸಾಕು. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಕೂಡಿ ಕಳೆಯಲು ಬರುತ್ತದೆಯಷ್ಟೆ.