ಗೆರೆಯಾಚೆ ಕೂಗುವವರಿಗೂ ಕಾರ್ಡು ತೋರಿಸಿ

ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಅಂಕಣಕ್ಕಿಳಿಯುವ ಕಬಡ್ಡಿ ರೈಡರು ಎದುರು ತಂಡಕ್ಕೆ ತನ್ನ ಮನೆ ವಿಳಾಸ ಬರೆದುಕೊಟ್ಟ ಹಾಗೆ. ಇದು ಆಡುವವರಿಗೆಲ್ಲ ಗೊತ್ತು. ಅದಕ್ಕೇ ಕೆಲವು ಜಾಣರು ನೋವಿಲ್ಲದ ಕಾಲಿಗೂ ಒಂದು ಪಟ್ಟಿ ಸುತ್ತಿಕೊಂಡು ಬರುತ್ತಾರೆ. ನಮ್ಮ ಮೈಸೂರಿನ ವಿದ್ಯಾರಣ್ಯಪುರಂ, ನಂಜುಮಳಿಗೆ, ಅಶೋಕಪುರಂ ಕಡೆ ರಾತ್ರಿ ದೀಪ ಹಾಕಿ ಆಡಿಸುವ ಪಂದ್ಯಗಳನ್ನೋ ಅಂತರಕಾಲೇಜು ಟೂರ್ನಿಗಳನ್ನೋ ನಿಂತು ನೋಡಿದವರಿಗೆ ಈ ಜಾಣತನದ ಕಾರಣ ಬಿಡಿಸಿ ಹೇಳಬೇಕಿಲ್ಲ. ‘ಆ ಕಾಲಿಗೇ ಹಾಕ್ರೋ, ಅದೇ ಕಾಲಿಗೆ!’ ಎಂಬ ಕೂಗು ಕಿವಿಗೆ ಬಿದ್ದೇ ಇರುತ್ತದೆ. ಕೂಗಿದವನು ಕಡಲೆಕಾಯಿ ತಿನ್ನುತ್ತ ನಿಂತ ಪ್ರೇಕ್ಷಕನಾದರೆ ಹೋಗಲಿ ಬಿಡಿ ಎನ್ನಬಹುದು. ಎಷ್ಟೋ ಸಲ ಆ ದನಿ ಬರುವುದು ಕೊರಳಲ್ಲಿ ಸೀಟಿ ಇಳಿಬಿಟ್ಟುಕೊಂಡವರಿಂದ.

ಇದೇ ಕೂಗು ಬೇರೆ ಭಾಷೆಯಲ್ಲಿ, ನಮ್ಮವಳ ವಿರುದ್ಧ ಕೇಳಿಬಂದಾಗ ಮಾತ್ರ ನಮಗೆ ರಕ್ತ ಕುದಿಯುತ್ತದೆ. 2024ರ ಆಗಸ್ಟ್ 5ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮಹಿಳೆಯರ 68 ಕೆ.ಜಿ. ಕುಸ್ತಿಯ ಕ್ವಾರ್ಟರ್ ಫೈನಲ್ ನಡೆಯಿತು. ನಮ್ಮ ನಿಶಾ ದಹಿಯಾ ಒಂದು ಹಂತದಲ್ಲಿ 8-1ರಿಂದ ಮುಂದಿದ್ದರು. ಕೊನೆಯ ನಿಮಿಷದಲ್ಲಿ ಕೈಗೆ ಪೆಟ್ಟಾಯಿತು. ಅಳುತ್ತಲೇ ಎದ್ದು ನಿಂತರು, ಅಳುತ್ತಲೇ ಸೆಣಸಿದರು, 8-10ರಿಂದ ಸೋತರು. ಉತ್ತರ ಕೊರಿಯಾದ ಪಾಕ್ ಸೋಲ್ ಗುಮ್ ಬೇಕೆಂದೇ ಪೆಟ್ಟಾದ ಕೀಲಿಗೆ ಕೈ ಹಾಕಿದಳು, ಹಾಗೆ ಮಾಡು ಎಂದು ಅವಳ ಕೋಚುಗಳಿದ್ದ ಮೂಲೆಯಿಂದಲೇ ಸೂಚನೆ ಬಂತು ಎಂದು ಭಾರತದ ಕೋಚ್ ವೀರೇಂದರ್ ದಹಿಯಾ ಆರೋಪಿಸಿದರು. ಆರೋಪ ಆರೋಪವಾಗಿಯೇ ಉಳಿಯಿತು. ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತೋ ಮೈಸೂರಿನಲ್ಲಿ ಕೂತು ನಾನು ತೀರ್ಪು ಕೊಡಲಾರೆ. ಆದರೆ ವೀರೇಂದರ್ ಬೊಟ್ಟು ಮಾಡಿದ ಜಾಗ ಸರಿಯಾಗಿತ್ತು ಎನ್ನುವುದು ನನ್ನ ಅಭಿಪ್ರಾಯ. ಅವರು ತೋರಿಸಿದ್ದು ಮೂಲೆಯನ್ನು. ಗಾಯಾಳುವಿನ ಗಾಯಕ್ಕೆ ಗುರಿಯಿಡುವ ಪಾಪವನ್ನು ನಾವು ಯಾವಾಗಲೂ ಇಪ್ಪತ್ತರ ಹರೆಯದ ಆಟಗಾರನ ತಲೆಗೆ ಕಟ್ಟುತ್ತೇವೆ. ಅದನ್ನು ಮಾಡಿಸುವವರು, ಮಾಡಲು ಬಿಡುವವರು ಗೆರೆಯಾಚೆ ಕ್ಷೇಮವಾಗಿರುತ್ತಾರೆ.

ನಿಶಾ ಪಂದ್ಯದಲ್ಲಿ ಇನ್ನೊಂದು ಸಂಗತಿಯಿದೆ. ಯಾಕಮ್ಮ, ಕೈಲಾಗದಿದ್ದರೆ ನಿಲ್ಲಿಸಬಾರದಿತ್ತೇ ಎಂದು ಕೇಳಿದವರಿದ್ದರು. ನಿಲ್ಲಿಸಿದ್ದರೆ ಏನಾಗುತ್ತಿತ್ತು? ಅಂತರರಾಷ್ಟ್ರೀಯ ಕುಸ್ತಿಯ ನಿಯಮದಂತೆ, ಎದುರಾಳಿ ನಿಯಮ ಮುರಿದು ಗಾಯ ಮಾಡಿದ ಪ್ರಸಂಗ ಬಿಟ್ಟರೆ, ಗಾಯದಿಂದ ಕುಸ್ತಿ ಮುಂದುವರಿಸಲಾಗದವರು ಸೋತಂತೆ. ಅಂಕಪಟ್ಟಿಯಲ್ಲಿ ಎಷ್ಟು ಮುಂದಿದ್ದರೂ ಅಷ್ಟೇ. ಅಂದರೆ ಎಲ್ಲ ಮುನ್ನಡೆಯನ್ನೂ ಬಿಟ್ಟುಕೊಡು, ಇಲ್ಲವೇ ಪೆಟ್ಟಾದ ಕೈಯನ್ನು ಎದುರಾಳಿಯ ಮುಂದೆ ಚಾಚು. ನಿಯಮವೇ ಹೀಗೆ ತಂದು ನಿಲ್ಲಿಸಿದ ಮೇಲೆ ಇಬ್ಬರು ಹುಡುಗಿಯರಿಂದ ಸೌಜನ್ಯ ನಿರೀಕ್ಷಿಸುವುದು ನಮ್ಮ ಸೋಗಲಾಡಿತನ.

ಹಾಗಾದರೆ ಗಾಯಗೊಂಡವರ ಎದುರು ಆಡಲೇಬಾರದೇ? ಅದು ನನ್ನ ವಾದವಲ್ಲ. 2025ರ ಆಗಸ್ಟ್ 4ರಂದು, ಓವಲ್ ಟೆಸ್ಟಿನ ಕೊನೆಯ ಬೆಳಿಗ್ಗೆ ಇಂಗ್ಲೆಂಡಿನ ಕ್ರಿಸ್ ವೋಕ್ಸ್ ಭುಜ ಜಾರಿದ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು, ಅದರ ಮೇಲೆ ಸ್ವೆಟರ್ ಹಾಕಿಕೊಂಡು ಕ್ರೀಸಿಗೆ ಬಂದರು. ಅವರಿಗೆ ಒಂದೂ ಎಸೆತ ಎದುರಿಸುವ ಪ್ರಸಂಗ ಬರಲಿಲ್ಲ. ಸಿರಾಜ್ ಆಚೆ ತುದಿಯ ಅಟ್ಕಿನ್ಸನ್ ಅವರನ್ನು ಬೌಲ್ಡ್ ಮಾಡಿದರು, ಭಾರತ ಆರು ರನ್ನುಗಳಿಂದ ಗೆದ್ದಿತು. ಒಂದು ವೇಳೆ ವೋಕ್ಸ್ ಎದುರಿಸಬೇಕಾಗಿ ಬಂದಿದ್ದರೆ? ಸಿರಾಜ್ ಸ್ಟಂಪಿಗೆ ಪೂರ್ಣ ವೇಗದಲ್ಲಿ ಎಸೆಯಬಹುದಿತ್ತು, ಎಸೆಯಲೇಬೇಕಿತ್ತು. ಒಂಟಿ ಕೈಯಲ್ಲಿ ಬ್ಯಾಟು ಬೀಸುವುದು ವೋಕ್ಸ್ ತಾವಾಗಿ ಒಪ್ಪಿಕೊಂಡ ಕಷ್ಟ. ಆದರೆ ಜೋಳಿಗೆಗೇ ಗುರಿಯಿಟ್ಟು ಚೆಂಡು ಪುಟಿಸುವುದು ಬೇರೆ. ಗಾಯದಿಂದ ಎದುರಾಳಿ ನಿಧಾನವಾಗಿದ್ದಾನೆ, ಅವನನ್ನು ಓಡಿಸು, ಅವನ ಪಕ್ಕದಿಂದ ನುಗ್ಗು. ಇದೆಲ್ಲ ಆಟ. ಗಾಯವನ್ನೇ ಕೆರೆದು ದೊಡ್ಡದು ಮಾಡಿ ಅವನನ್ನು ಹೊರಗೆ ಕಳಿಸುವುದು ಆಟವಲ್ಲ. ನಡುವೆ ಬೂದು ಬಣ್ಣದ ಜಾಗ ಇದ್ದೇ ಇದೆ. ಅದೇ ಸರಣಿಯ ಮ್ಯಾಂಚೆಸ್ಟರ್ ಟೆಸ್ಟಿನಲ್ಲಿ ಪಾದದ ಮೂಳೆ ಮುರಿದಿದ್ದರೂ ಕುಂಟುತ್ತ ಮೆಟ್ಟಿಲಿಳಿದು ಬಂದು ಅರ್ಧಶತಕ ಮುಗಿಸಿದ ರಿಷಭ್ ಪಂತ್ ಅವರಿಗೆ ಯಾರ್ಕರ್ ಹಾಕಬಹುದೇ? ಯಾರ್ಕರಿನ ದಾರಿಯಲ್ಲಿ ಸ್ಟಂಪೂ ಇದೆ, ಹೆಬ್ಬೆರಳೂ ಇದೆ. ಹಾಕಬಹುದು ಎಂದೇ ನಾನು ಹೇಳುತ್ತೇನೆ.

ಕಬಡ್ಡಿಯಲ್ಲಿ ಆ ಬೂದು ಜಾಗ ಇನ್ನೂ ಅಗಲ. ಆ್ಯಂಕಲ್ ಹೋಲ್ಡ್ ಕಾನೂನುಬದ್ಧ ಹಿಡಿತ, ಎಡ ಬಲ ಕಾರ್ನರುಗಳ ಅನ್ನವೇ ಅದು. ಉಳುಕಿದ ಪಾದವನ್ನು ಬಿಟ್ಟು ಇನ್ನೊಂದನ್ನೇ ಹಿಡಿ ಎಂದು ಕ್ಷಣಾರ್ಧದಲ್ಲಿ ಎಗರುವವನಿಗೆ ಹೇಳಲಾಗದು. ಆದರೆ ಹಿಡಿದ ಮೇಲೆ ತಿರುಚುವುದು, ರೈಡರು ಬಿದ್ದು ಸೀಟಿ ಊದಿದ ಮೇಲೂ ಮೊಣಕಾಲ ಮೇಲೆ ಮೈಭಾರ ಹಾಕುವುದು, ಇವು ಕ್ಷಣಾರ್ಧದ ಕೆಲಸಗಳಲ್ಲ. ಗಾಯವಾಗುವಂತೆ ಒರಟಾಗಿ ಕೆಡಹುವುದು, ಕಾಲಿನಿಂದ ಕತ್ತರಿ ಹಾಕುವುದು, ಉಸಿರು ಕಟ್ಟುವಂತೆ ಬಾಯಿ ಮುಚ್ಚುವುದು ತಪ್ಪು ಎಂದು ಕಬಡ್ಡಿಯ ನಿಯಮಾವಳಿ ಮೊದಲಿನಿಂದಲೂ ಹೇಳುತ್ತದೆ. ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ. ಕೊರತೆ ಇರುವುದು ನಿಯಮದ್ದಲ್ಲ. ಕಾಲೇಜು ಪಂದ್ಯಗಳಲ್ಲಿ ಆ ಕಾರ್ಡು ಜೇಬಿನಿಂದ ಹೊರಬರುವುದೇ ಅಪರೂಪ. ಅಂಪೈರು ಪಕ್ಕದ ಕಾಲೇಜಿನ ಫಿಸಿಕಲ್ ಡೈರೆಕ್ಟರ್, ಮುಂದಿನ ತಿಂಗಳು ಅವರ ಹುಡುಗರಿಗೆ ಇವರು ಅಂಪೈರು. ಇಂಥ ಕೊಡುಕೊಳ್ಳುವಿಕೆಯಲ್ಲಿ ಕೆಂಪು ಕಾರ್ಡು ಯಾರು ಎತ್ತುತ್ತಾರೆ?

‘ಗಾಯವಾದವನು ಮನೆಯಲ್ಲಿ ಕೂರಬೇಕಿತ್ತು, ಬಂದದ್ದು ಅವನ ತಪ್ಪು’ ಎನ್ನುವ ವಾದ ಕೇಳಿದ್ದೇನೆ. ಕೂರಲು ಬಿಡುವವರು ಯಾರು? ಯೂನಿವರ್ಸಿಟಿ ಬ್ಲೂ ಸಿಕ್ಕರೆ ಮುಂದೆ ಕ್ರೀಡಾ ಕೋಟಾದಲ್ಲಿ ಒಂದು ಸೀಟು, ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಒಂದು ಕೆಲಸ ಎಂದು ಎಣಿಸುತ್ತ ಆಡುವ ಹುಡುಗನಿಗೆ ಆಯ್ಕೆಯ ಪಂದ್ಯ ವರ್ಷಕ್ಕೊಮ್ಮೆ ಬರುತ್ತದೆ. ಅವನ ತಂದೆ ಆಟೋ ಓಡಿಸುತ್ತಿರಬಹುದು, ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಿರಬಹುದು. ಲಿಗಮೆಂಟು ಹರಿದರೆ ಶಸ್ತ್ರಚಿಕಿತ್ಸೆಯ ಖರ್ಚು ಆ ಮನೆಯ ತಲೆಯ ಮೇಲೆ, ಟ್ರೋಫಿ ಪ್ರಿನ್ಸಿಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿ.

ಇಂಥ ಮಾತು ಬಂದಾಗಲೆಲ್ಲ ನಾವು ಕನ್ನಡಿಗರು ಗುಂಡಪ್ಪ ವಿಶ್ವನಾಥ್ ಕಥೆ ಹೇಳಿ ಸಮಾಧಾನಪಟ್ಟುಕೊಳ್ಳುತ್ತೇವೆ. 1980ರ ಫೆಬ್ರುವರಿ, ಮುಂಬೈಯಲ್ಲಿ ಸುವರ್ಣ ಮಹೋತ್ಸವ ಟೆಸ್ಟು. ಅಂಪೈರ್ ಔಟ್ ಕೊಟ್ಟಿದ್ದರೂ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ನಾಯಕ ವಿಶ್ವನಾಥ್ ವಾಪಸು ಕರೆದರು. ಟೇಲರ್ ಮತ್ತು ಬಾಥಮ್ ದೊಡ್ಡ ಜೊತೆಯಾಟ ಆಡಿದರು, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಆಗಸ್ಟ್ 29ರ ಕ್ರೀಡಾ ದಿನದ ಭಾಷಣಗಳಿಗೆ ಹೇಳಿ ಮಾಡಿಸಿದ ಕಥೆ. ಅದೇ ಭಾಷಣಗಳಲ್ಲಿ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಜೂಡೊ ಫೈನಲ್ಲೂ ಬರುತ್ತದೆ. ಜಪಾನಿನ ಯಮಾಶಿತಾ ಅವರ ಬಲಗಾಲಿನ ಮೀನಖಂಡಕ್ಕೆ ಪೆಟ್ಟಾಗಿತ್ತು, ಆ ಕಾಲಿಗೆ ತಾನು ಗುರಿಯಿಡಲಿಲ್ಲ ಎಂದು ಈಜಿಪ್ಟಿನ ಮೊಹಮದ್ ರಶ್ವಾನ್ ಹೇಳಿದರು. ಬೆಳ್ಳಿ ಪದಕದ ಜೊತೆಗೆ ಅವರಿಗೆ ಫೇರ್ ಪ್ಲೇ ಪ್ರಶಸ್ತಿಯೂ ಬಂತು. ಇಬ್ಬರಿಗೂ ನಮಸ್ಕಾರ. ಆದರೆ ವಿಶ್ವನಾಥ್ ಅವರಂಥವರು ಯಾವ ನಿಯಮವೂ ಇಲ್ಲದೆ ಸರಿಯಾಗಿ ಆಡುತ್ತಾರೆ. ನಿಯಮ ಬೇಕಾಗಿರುವುದು ಉಳಿದವರಿಗೆ.

ನನಗೆ 1980ಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ವಿಶ್ವನಾಥ್ ಅವರ 1976. ಆ ಏಪ್ರಿಲಿನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಭಾರತ ವೆಸ್ಟ್ ಇಂಡೀಸ್ ವಿರುದ್ಧ 400ಕ್ಕೂ ಮಿಕ್ಕ ಗುರಿಯನ್ನು ಬೆನ್ನಟ್ಟಿ ಗೆದ್ದಿತ್ತು. ವಿಶ್ವನಾಥ್ ಶತಕ ಹೊಡೆದಿದ್ದರು. ಸ್ಪಿನ್ನರುಗಳನ್ನು ನಂಬಿ ಕೆಟ್ಟ ಕ್ಲೈವ್ ಲಾಯ್ಡ್ ಮುಂದಿನ ಟೆಸ್ಟಿಗೆ ಜಮೈಕಾದ ಸಬೀನಾ ಪಾರ್ಕಿನಲ್ಲಿ ವೇಗಿಗಳನ್ನು ಛೂ ಬಿಟ್ಟರು. ಮೈಕೆಲ್ ಹೋಲ್ಡಿಂಗ್ ಮತ್ತು ವೇಯ್ನ್ ಡೇನಿಯಲ್ ಅವರ ಚೆಂಡುಗಳು ದೇಹದತ್ತಲೇ ನುಗ್ಗಿದವು. ಹೆಲ್ಮೆಟ್ಟು ಇಲ್ಲದ ಕಾಲ. ಅಂಶುಮಾನ್ ಗಾಯಕವಾಡ್ ಕಿವಿಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ವಿಶ್ವನಾಥ್ ಬೆರಳು ಮುರಿಯಿತು. ಬ್ರಿಜೇಶ್ ಪಟೇಲ್ ಬಾಯಿಗೆ ಹೊಲಿಗೆ ಬಿತ್ತು. ಬಿಷನ್ ಬೇಡಿ 6 ವಿಕೆಟ್ಟಿಗೆ 306ರಲ್ಲಿ ಡಿಕ್ಲೇರ್ ಮಾಡಿದರು. ಫೀಲ್ಡಿಂಗ್ ಮಾಡುವಾಗ ಬೇಡಿ ಮತ್ತು ಮೈಸೂರಿನಲ್ಲಿ ಹುಟ್ಟಿದ ನಮ್ಮ ಚಂದ್ರಶೇಖರ್ ಕೂಡ ಕೈಗೆ ಪೆಟ್ಟು ಮಾಡಿಕೊಂಡರು. ಎರಡನೇ ಇನಿಂಗ್ಸು 97 ರನ್ನಿಗೆ ಮುಗಿದಾಗ ಬಿದ್ದಿದ್ದು ಐದೇ ವಿಕೆಟ್ಟು, ಉಳಿದ ಐವರು ಗಾಯದಿಂದ ಗೈರು. ಆ ಐವರಲ್ಲಿ ಮೂವರು ಕರ್ನಾಟಕದವರು. ಅಲ್ಲಿನ ಪ್ರೇಕ್ಷಕರ ಬಗ್ಗೆ ಸುನಿಲ್ ಗಾವಸ್ಕರ್ ತಮ್ಮ ‘ಸನ್ನಿ ಡೇಸ್’ ಆತ್ಮಕಥೆಯಲ್ಲಿ ಕಹಿಯಾಗಿ ಬರೆದರು.

ಆ ಪಂದ್ಯದಿಂದ ಯಾರ ಹೃದಯವೂ ಪರಿವರ್ತನೆಯಾಗಲಿಲ್ಲ. ಲಾಯ್ಡ್ ಅದೇ ದಾರಿಯಲ್ಲಿ ಮುಂದೆ ಹದಿನೈದು ವರ್ಷ ಜಗತ್ತನ್ನು ಆಳಿದ ತಂಡವನ್ನು ಕಟ್ಟಿದರು. ಬೌನ್ಸರುಗಳಿಗೆ ಕಡಿವಾಣ ಬಿದ್ದಿದ್ದು 1991ರಲ್ಲಿ, ಒಬ್ಬ ಬ್ಯಾಟ್ಸ್‌ಮನ್‌ಗೆ ಓವರಿಗೆ ಒಂದೇ ಎಂದು ಐಸಿಸಿ ನಿಯಮ ಮಾಡಿದಾಗ. 1994ರಲ್ಲಿ ಅದು ಓವರಿಗೆ ಎರಡಾಯಿತು. ತಲೆಗೆ ಪೆಟ್ಟಾದವರ ಬದಲಿಗೆ ಇನ್ನೊಬ್ಬರನ್ನು ಆಡಿಸುವ ಅವಕಾಶ 2019ರಲ್ಲಿ ಬಂತು. ವೋಕ್ಸ್ ಮತ್ತು ಪಂತ್ ಪ್ರಸಂಗಗಳ ಬೆನ್ನಿಗೇ ಬಿಸಿಸಿಐ ದೇಶೀಯ ಬಹುದಿನ ಪಂದ್ಯಗಳಲ್ಲಿ ಗಂಭೀರ ಗಾಯವಾದವರಿಗೆ ಬದಲಿ ಆಟಗಾರನನ್ನು ಒಪ್ಪಿಕೊಂಡಿತು. ಬದಲಿ ಆಟಗಾರ ಬರುತ್ತಾನೆಂದರೆ ಗಾಯ ಮಾಡಿ ಏನು ಲಾಭ? ಇಷ್ಟು ಸರಳವಾದ ಲೆಕ್ಕ ನೂರು ನೀತಿಪಾಠಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬೆನ್ ಸ್ಟೋಕ್ಸ್ ಈ ಯೋಚನೆಯನ್ನೇ ಹಾಸ್ಯಾಸ್ಪದ ಎಂದರು, ಸುಳ್ಳು ಗಾಯಗಳು ಬರುತ್ತವೆ ಎಂದು. ಬರಬಹುದು. ಸುಳ್ಳು ಗಾಯವನ್ನು ವೈದ್ಯರು ಹಿಡಿಯಲಿ.

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡಿ. ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ಟು ಹಾಕಿಕೊಂಡು ಗುದ್ದಾಡುವ ಅವರ ಆಟ. ರಕ್ಷಿಸಿಕೊಳ್ಳಲಾಗದ ಸ್ಥಿತಿಯಲ್ಲಿರುವ ಎದುರಾಳಿಯ ತಲೆ, ಕುತ್ತಿಗೆಗೆ ಗುರಿಯಿಟ್ಟು ನುಗ್ಗುವುದನ್ನು ‘ಟಾರ್ಗೆಟಿಂಗ್’ ಎಂದು 2008ರಲ್ಲಿ ಪ್ರತ್ಯೇಕ ತಪ್ಪಾಗಿ ಬರೆದರು. 2013ರಿಂದ ಅದಕ್ಕೆ ಶಿಕ್ಷೆ ಮೈದಾನದಿಂದ ಹೊರಗೆ. ವೃತ್ತಿಪರ ಲೀಗಿನಲ್ಲಿ ಇನ್ನೂ ದೊಡ್ಡ ಹಗರಣ. ಎದುರು ತಂಡದವರನ್ನು ಗಾಯಗೊಳಿಸಿ ಹೊರಗಟ್ಟಿದರೆ ಇಷ್ಟು ಎಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದೊಳಗೆ ಬಹುಮಾನದ ಹಣ ಹಂಚುತ್ತಿದ್ದುದು 2012ರಲ್ಲಿ ಬಯಲಾಯಿತು. ಮುಖ್ಯ ಕೋಚ್ ಶಾನ್ ಪೇಟನ್ ಅವರನ್ನು ಒಂದು ಇಡೀ ಋತು ಅಮಾನತು ಮಾಡಿದರು. ಆಟಗಾರರಿಗೆ ವಿಧಿಸಿದ್ದ ಅಮಾನತುಗಳನ್ನು ಮೇಲ್ಮನವಿಯಲ್ಲಿ ತೆಗೆದುಹಾಕಿದರು, ಕೋಚ್ ಶಿಕ್ಷೆ ಮಾತ್ರ ಹಾಗೇ ಉಳಿಯಿತು. ಇದು ನಮ್ಮ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ತೀರ್ಪು.

ಅಮೆರಿಕದವರೆಗೆ ಯಾಕೆ, ಮೈಸೂರಿನ ಅರಮನೆಯಂಗಳಕ್ಕೇ ಹೋಗೋಣ. ವಿಜಯದಶಮಿಯ ಬೆಳಿಗ್ಗೆ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯುಳ್ಳ ಆಯುಧ ತೊಟ್ಟು ಎದುರುಬದುರಾಗುತ್ತಾರೆ. ಇಬ್ಬರಲ್ಲಿ ಒಬ್ಬರ ತಲೆಯಿಂದ ರಕ್ತ ಚಿಮ್ಮಿದ ತಕ್ಷಣ ಕಾಳಗ ನಿಲ್ಲುತ್ತದೆ. ಇದನ್ನು ಅಹಿಂಸೆಯ ಪಾಠ ಎಂದು ನಾನು ಮಾರಹೊರಟಿಲ್ಲ, ಅಲ್ಲಿ ರಕ್ತ ಹರಿಸುವುದೇ ಗುರಿ. ಆದರೆ ನಿಲ್ಲಿಸುವವರು ಪಕ್ಕದಲ್ಲೇ ನಿಂತಿರುತ್ತಾರೆ. ರಕ್ತ ಕಂಡ ಮೇಲೆ ಇನ್ನೊಂದು ಏಟಿಗೆ ಅವಕಾಶವಿಲ್ಲ. ನಿಲ್ಲುವುದು ಜಟ್ಟಿಯ ಕರುಣೆಗೆ ಬಿಟ್ಟ ವಿಷಯವಲ್ಲ. ರಾಜರ ಕಾಲದ ಕಾದಾಟಕ್ಕೆ ಇದ್ದ ಈ ಎಚ್ಚರ ನಮ್ಮ ಪ್ರಮಾಣಪತ್ರ, ಪ್ರಾಯೋಜಕ, ಫ್ಲೆಕ್ಸುಗಳ ಕಾಲದ ಟೂರ್ನಿಗಳಿಗೆ ಇಲ್ಲ.

ಇಲ್ಲದಿದ್ದರೆ ಏನಾಗುತ್ತದೆಂದು ಮೈಸೂರಿಗೆ ಗೊತ್ತು. 2022ರ ಜುಲೈ 10ರಂದು ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ನಮ್ಮ ಊರಿನ ಯುವಕನೊಬ್ಬ ಮುಖಕ್ಕೆ ಗುದ್ದು ತಿಂದು ಕುಸಿದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಗುದ್ದಿದವನು ಆಟದ ನಿಯಮದೊಳಗೇ ಗುದ್ದಿದ್ದ, ಇಲ್ಲಿ ಯಾರೂ ಗಾಯಕ್ಕೆ ಗುರಿಯಿಟ್ಟಿರಲಿಲ್ಲ. ಸ್ಥಳದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆಯೇ ಇರಲಿಲ್ಲ ಎಂದು ಕುಟುಂಬ ಮತ್ತು ಕೋಚ್ ದೂರಿದರು, ಆಯೋಜಕರ ಮೇಲೆ ನಿರ್ಲಕ್ಷ್ಯದ ಪ್ರಕರಣ ದಾಖಲಾಯಿತು. ಅದಕ್ಕೂ ಮೊದಲು, 2004ರ ಡಿಸೆಂಬರ್ 5ರಂದು, ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ಲಿನಲ್ಲಿ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗ ಗೋಲ್‌ಕೀಪರಿಗೆ ಡಿಕ್ಕಿಯಾಗಿ ಬಿದ್ದವರು ಏಳಲಿಲ್ಲ. ಗೋಲ್‌ಕೀಪರ್ ಸುಬ್ರತಾ ಪಾಲ್ ಅವರನ್ನು ಅಮಾನತು ಮಾಡಿದರು. ಎರಡು ದುರಂತಗಳ ನಡುವೆ ಹದಿನೇಳೂವರೆ ವರ್ಷ, ಆಂಬುಲೆನ್ಸು ಎಲ್ಲಿ ಎಂಬ ಪ್ರಶ್ನೆ ಮಾತ್ರ ಅದೇ.

ಮೈಸೂರು ವಿಶ್ವವಿದ್ಯಾಲಯವೂ ದಸರಾ ಕ್ರೀಡಾಕೂಟದವರೂ ಮುಂದಿನ ಋತುವಿಗೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪಂದ್ಯದ ಬೆಳಿಗ್ಗೆ ವೈದ್ಯರೊಬ್ಬರು ಆಟಗಾರರನ್ನು ನೋಡಿ, ಆಡಕೂಡದವರ ಹೆಸರನ್ನು ಹೊಡೆದುಹಾಕಲಿ. ಹೆಸರು ಹೋದ ಹುಡುಗನಿಗೆ ಆಯ್ಕೆಗೆ ಇನ್ನೊಂದು ದಿನ ಕೊಡಲಿ, ಇಲ್ಲವಾದರೆ ಅವನು ನೋವು ಮುಚ್ಚಿಡುತ್ತಾನೆ, ನಾನಾದರೂ ಮುಚ್ಚಿಡುತ್ತಿದ್ದೆ. ಅಂಪೈರುಗಳು ಬೇರೆ ವಲಯದಿಂದ ಬರಲಿ. ‘ಆ ಕಾಲಿಗೇ’ ಎಂದು ಗೆರೆಯಾಚೆಯಿಂದ ಕೂಗಿದವರಿಗೆ, ಅವರು ಎಷ್ಟೇ ಹಿರಿಯ ಮೇಷ್ಟ್ರಾಗಿರಲಿ, ಅಂಪೈರು ಕಾರ್ಡು ತೋರಿಸಲಿ, ತಂಡದ ಅಂಕ ಕಳೆಯಲಿ. ಕೂಗಾಟದಲ್ಲಿ ಯಾರು ಏನಂದರು ಎಂದು ಸಾಬೀತು ಮಾಡುವುದು ಹೇಗೆ ಎಂದು ಕೇಳುವವರಿದ್ದಾರೆ. ಈಗ ಪ್ರತಿ ಪಂದ್ಯವನ್ನೂ ಹತ್ತು ಹುಡುಗರು ಮೊಬೈಲಿನಲ್ಲಿ ಹಿಡಿಯುತ್ತಾರೆ, ಅರ್ಧ ಗಂಟೆಯೊಳಗೆ ಅದು ಇನ್‌ಸ್ಟಾಗ್ರಾಮಿನಲ್ಲಿರುತ್ತದೆ. ಅದರಲ್ಲಿ ಮೇಷ್ಟ್ರ ದನಿ ಸ್ಪಷ್ಟವಾಗಿ ಕೇಳುತ್ತದೆ.