ಪ್ಯಾರಿಸ್ಸಿನಲ್ಲಿ ಮೈಸೂರಿನ ದಿವಾನ

ಸೆಪ್ಟೆಂಬರ್ 17 ಬಂತೆಂದರೆ ಪೋತ್ನಾಳದ ಶಾಲೆಗಳಲ್ಲಿ ಧ್ವಜ ಏರುತ್ತದೆ, ಪಟೇಲರ ಫೋಟೊಕ್ಕೆ ಹಾರ ಬೀಳುತ್ತದೆ, ಮಕ್ಕಳ ಕೈಗೆ ಬೂಂದಿ ಬರುತ್ತದೆ. ರಜಾಕಾರರ ಹಾವಳಿ, ರಮಾನಂದ ತೀರ್ಥರು, ಪೊಲೀಸ್ ಕಾರ್ಯಾಚರಣೆ: ಭಾಷಣ ಇಷ್ಟರಲ್ಲೇ ಸುತ್ತುತ್ತದೆ. ಅದರ ಹಿಂದಿನ ದಿನ, 1948ರ ಸೆಪ್ಟೆಂಬರ್ 16ರಂದು, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಮಾನ್ವಿ, ದೇವದುರ್ಗ, ರಾಯಚೂರೆಲ್ಲ ಯಾರಿಗೆ ಸೇರಬೇಕೆಂಬ ತಕರಾರು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂದಿತ್ತು.

ನಿಜಾಮರ ನಿಯೋಗದ ಮುಂದಾಳು ಮೊಯಿನ್ ನವಾಜ್ ಜಂಗ್. ಭಾರತದ ಪರ ಎದ್ದು ನಿಂತವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಆಗ ಮೈಸೂರಿನ ದಿವಾನರು! ಹುಟ್ಟಿದ್ದು ನಮ್ಮ ನೆರೆಯ ಕರ್ನೂಲಿನಲ್ಲಿ, 1887ರಲ್ಲಿ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರ ಸಹಿ ಹಾಕಿದವರು, ಮರುವರ್ಷ ಅದರ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದವರು. ಅದೇ ವರ್ಷ ಮೈಸೂರಿನ ದಿವಾನಗಿರಿ.

ಆದರೆ ಪರದೇಶದ ಸಭೆಗಳಲ್ಲಿ ಪಳಗಿದವರಿಗೆ ಮೈಸೂರಿನ ಬೀದಿ ಒಗ್ಗಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಎದ್ದಾಗ ಊರೂರಲ್ಲಿ ಮೊಳಗಿದ ಘೋಷಣೆ 'ಆರ್ಕಾಟ್ ಬಾಯ್ಕಾಟ್'. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು, ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ದಿವಾನರು ಮಾತ್ರ ಕುರ್ಚಿಯಲ್ಲೇ ಉಳಿದರು.

ಅದಾಗಿ ವರ್ಷ ತುಂಬುವುದರೊಳಗೆ ಪ್ಯಾರಿಸ್. ಹೈದರಾಬಾದ್ ಸ್ವತಂತ್ರ ರಾಷ್ಟ್ರವೇ ಅಲ್ಲ, ಆದ್ದರಿಂದ ಮಂಡಳಿಗೆ ದೂರು ಕೊಡುವ ಹಕ್ಕೇ ಅದಕ್ಕಿಲ್ಲ ಎಂಬುದು ಅವರ ವಾದದ ತಿರುಳು. ಮಂಡಳಿ ಪೂರ್ತಿ ಒಪ್ಪಲಿಲ್ಲ. ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು 8 ಮತ ಬಿದ್ದವು, ವಿರುದ್ಧ ಒಂದೂ ಇಲ್ಲ, 3 ದೇಶಗಳು ತಟಸ್ಥ. ಲೆಕ್ಕ ಹಿಡಿದರೆ ಅಂದು ಭಾರತಕ್ಕೆ ಹಿನ್ನಡೆಯೇ. ಆದರೆ ಸೇನೆ 13ನೇ ತಾರೀಖಿಗೇ ಗಡಿ ದಾಟಿತ್ತು. 17ಕ್ಕೆ ನಿಜಾಮರು ಶರಣಾದರು. ವಾರ ಕಳೆಯುವುದರೊಳಗೆ ದೂರನ್ನೂ ಹಿಂದಕ್ಕೆ ಪಡೆದರು. ವಾದ ಗೆಲ್ಲುವ ಮುಂಚೆ ವ್ಯಾಜ್ಯವೇ ಮುಗಿದುಹೋಯಿತು.

ಮೊದಲಿಯಾರರನ್ನು ನಮ್ಮ ವಿಮೋಚನೆಯ ವೀರರ ಸಾಲಿಗೆ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಜೈಲು, ಲಾಠಿ, ಗಡಿಯ ಶಿಬಿರಗಳನ್ನು ಕಂಡವರ ಸಾಲು ಅದು, ಬೇರೆಯೇ. ಇವರು ಒಪ್ಪಿಸಿದ ಕೇಸನ್ನು ಚೆನ್ನಾಗಿ ನಡೆಸುವ ವಕೀಲ. ಬ್ರಿಟಿಷರ ಕಾಲದಲ್ಲೂ ಅಷ್ಟೇ ಚೆನ್ನಾಗಿ ನಡೆಸಿದ್ದರು. ಆದರೂ ಮೈಸೂರಿನ ಜನ ಬೇಡವೆಂದ ದಿವಾನನೇ ನಿಜಾಮರ ಸೀಮೆಯ ಕನ್ನಡಿಗರ ಪಾಲಿಗೆ ಜಗತ್ತಿನೆದುರು ನಿಲ್ಲಬೇಕಾಗಿ ಬಂದದ್ದು, ನಮ್ಮ ಎರಡು ಸೀಮೆಗಳ ಚರಿತ್ರೆಯನ್ನು ಒಟ್ಟಿಗೆ ಓದದ ಹೊರತು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಯವರಿಗೆ ಪ್ಯಾರಿಸ್ ಗೊತ್ತಿಲ್ಲ, ಇಲ್ಲಿಯವರಿಗೆ ಬಾಯ್ಕಾಟ್ ಗೊತ್ತಿಲ್ಲ.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯದೊಳಗೆ ಬಂತು. ದಿವಾನಗಿರಿ ಬಿಟ್ಟು ಏಳು ವರ್ಷವಾಗಿದ್ದ ಮೊದಲಿಯಾರ್ ಅಷ್ಟರಲ್ಲಿ, ಕೈಗಾರಿಕೆಗಳಿಗೆ ಸಾಲ ಕೊಡಲು ಹುಟ್ಟಿದ್ದ ಐಸಿಐಸಿಐ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದರು.